ಪಟ್ಟಿಯ ಆರನೇ ಹೆಸರು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಫೈಲಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರುಗಳ ಬಾಯಲ್ಲೂ ಅದೇ, ಕಸ ಗುಡಿಸುವವರ ಬಾಯಲ್ಲೂ ಅದೇ. ಹೊಸದಾಗಿ ಸೇರಿದ ನರ್ಸೊಬ್ಬಳು ಅದೇ ಅವಳ ನಿಜವಾದ ಹೆಸರೆಂದುಕೊಂಡು ಒಂದು ಚೀಟಿಯ ಮೇಲೆ ‘ಶ್ರೀಮತಿ ಫೈಲಕ್ಕನವರಿಗೆ’ ಎಂದು ಬರೆದು ಕಳಿಸಿದ್ದಳು. ಫೈಲಕ್ಕ ನಕ್ಕು ಆ ಚೀಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಳು.

ಅವಳ ದಾಖಲೆ ಕೋಣೆ ಅರ್ಧ ನೆಲದೊಳಗೆ ಇಳಿದಂತಿತ್ತು. ಹೊರಗಿನ ಗೋಡೆಯ ಮೇಲ್ಭಾಗದ ಸಣ್ಣ ಕಿಂಡಿಯಿಂದ ಕಾಣುತ್ತಿದ್ದದ್ದು ಓಡಾಡುವವರ ಕಾಲುಗಳು ಮಾತ್ರ. ಒಳಗೆ ಸೂರಿನವರೆಗೆ ಕಬ್ಬಿಣದ ರ‍್ಯಾಕುಗಳು, ಒಂದು ಏಣಿ, ಜನ ಬಂದು ಕೇಳುವ ಕಿಟಕಿ. ಮನೋರೋಗ ವಿಭಾಗದ ಫೈಲುಗಳಿಗೆ ಮಾತ್ರ ಬೇರೆ ಬೀರು. ಅದರ ಬೀಗದ ಕೈ ಇಪ್ಪತ್ತೆರಡು ವರ್ಷದಿಂದ ಅವಳ ಸೊಂಟದಲ್ಲೇ ಇತ್ತು.

ಆ ಕೆಲಸಕ್ಕೆ ಅವಳು ತನ್ನದೇ ಕೆಲವು ನಿಯಮ ಮಾಡಿಕೊಂಡಿದ್ದಳು. ಕಾಗದವನ್ನು ಫೈಲಿಗೆ ಸೇರಿಸುವಾಗ ಹೆಸರು ಮತ್ತು ತಾರೀಖು ಮಾತ್ರ ನೋಡುವುದು, ಮಿಕ್ಕಿದ್ದರ ಮೇಲೆ ಅಂಗೈ ಇಟ್ಟು ಮುಚ್ಚುವುದು. ಆಸ್ಪತ್ರೆಗೆ ಬಂದು ಹೋದವರು ಮಾರುಕಟ್ಟೆಯಲ್ಲಿ ಎದುರಾದರೆ ತಾನಾಗಿ ಗುರುತು ಹಿಡಿಯದಿರುವುದು. ಅವರು ನಕ್ಕರೆ ತಾನೂ ನಗುವುದು, ಇಲ್ಲವಾದರೆ ಟೊಮೆಟೊ ಆರಿಸುವುದು. ಪಕ್ಕದ ಮನೆಯಾಕೆ ಏನಾದರೂ ಬಾಯಿ ಬಿಡಿಸಬೇಕೆಂದು ಬಂದರೆ, “ನಮ್ಮಲ್ಲಿಗೆ ಮನುಷ್ಯರು ಎಲ್ಲಿ ಬರ್ತಾರೆ, ಬರೀ ಫೈಲು ಬರ್ತವೆ” ಎಂದುಬಿಡುತ್ತಿದ್ದಳು. ಅವಳ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. “ಇವಳ ಹೊಟ್ಟೇಲಿ ಅರ್ಧ ಊರಿದೆ, ಆದ್ರೂ ಹೇಗೆ ಸಣ್ಣಗೇ ಇದಾಳೆ ನೋಡಿ” ಎಂದು ಬಂದವರೆದುರು ತಮಾಷೆ ಮಾಡುತ್ತಿದ್ದ.

ಅವಳಿಗೆ ಒಬ್ಬನೇ ಅಣ್ಣ, ಆರು ವರ್ಷ ದೊಡ್ಡವನು. ಆಸ್ಪತ್ರೆಯಿಂದ ಎರಡು ಬೀದಿ ಆಚೆಗಿದ್ದ ಬ್ಯಾಂಕಿನಲ್ಲಿ ಕಾವಲುಗಾರ. ಬಂದೂಕು ತಂದೆಯ ಕಾಲದ್ದು, ಜೋಡಿನಳಿಗೆಯದು. ತಂದೆ ಹೋದ ಮೇಲೆ ಲೈಸೆನ್ಸು ಅವನ ಹೆಸರಿಗೆ ಆಗಿತ್ತು. ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇದ್ದವರನ್ನೇ ಬ್ಯಾಂಕಿನವರು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಆ ಬಂದೂಕನ್ನು ಅವನು ‘ಯಜಮಾನ’ ಎನ್ನುತ್ತಿದ್ದ. “ಇವತ್ತು ಯಜಮಾನನಿಗೆ ಎಣ್ಣೆ ಹಾಕ್ಬೇಕು” ಎಂದರೆ ಅತ್ತಿಗೆ, “ಮನೆಯ ಯಜಮಾನನ ತಲೆಗೆ ಮೊದಲು ಹಾಕ್ಕೊಳ್ಳಿ” ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಆ ಬಾಗಿಲಲ್ಲಿ ಅವನು ಒಂದು ಗುಂಡೂ ಹಾರಿಸಿರಲಿಲ್ಲ. ಓದಲು ಬಾರದ ಮುದುಕಿಯರಿಗೆ ಚಲನ್ ತುಂಬಿಕೊಡುವುದು, ಬಿಸಿಲಲ್ಲಿ ಬಂದವರಿಗೆ ನೀರು ತೋರಿಸುವುದು, ತಳ್ಳುವ ಬಾಗಿಲನ್ನು ಎಳೆಯುತ್ತಿದ್ದವರಿಗೆ ತಳ್ಳಿ ಎಂದು ಹೇಳುವುದು, ಅವನ ದಿನ ಹೀಗೆ ಕಳೆಯುತ್ತಿತ್ತು.

ಇಬ್ಬರ ಕೆಲಸವೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಮುಗಿಯುತ್ತಿತ್ತು. ಅವನು ಆಸ್ಪತ್ರೆಯ ಗೇಟಿನ ಬಳಿಯ ಕಲ್ಲು ಬೆಂಚಿನ ಮೇಲೆ ಕಾಯುತ್ತಿದ್ದ. ಹೆಗಲಲ್ಲಿ ಬಟ್ಟೆಯ ಚೀಲದೊಳಗೆ ಬಂದೂಕು. ಅವಳು ಊಟದ ಡಬ್ಬಿ ಹಿಡಿದು ಬರುತ್ತಿದ್ದಳು. ಇಪ್ಪತ್ತು ನಿಮಿಷದ ದಾರಿಯನ್ನು ಇಬ್ಬರೂ ಮಾತಾಡಿಕೊಂಡು ನಡೆಯುತ್ತಿದ್ದರು. ಬ್ಯಾಂಕಿಗೆ ಬಂದವರು ಹೇಗೆ ಕೆಮ್ಮಿದರು, ಮ್ಯಾನೇಜರು ಹೇಗೆ ಕನ್ನಡಕ ಹುಡುಕಿದರು ಎಂದು ಅವನು ಮಾಡಿ ತೋರಿಸುತ್ತಿದ್ದ. ಅವಳು ಅವನ ಕತೆ ಕೇಳಿ ನಗುತ್ತಿದ್ದಳೇ ಹೊರತು ತನ್ನ ಕಡೆಯ ಕತೆ ಒಂದನ್ನೂ ಹೇಳುತ್ತಿರಲಿಲ್ಲ. ಅವನೂ ಕೇಳುತ್ತಿರಲಿಲ್ಲ.

ಹೊಸ ಸುತ್ತೋಲೆ ಬಂದದ್ದು ದೂರದ ಊರೊಂದರಲ್ಲಿ ಆದ ಒಂದು ಘಟನೆಯ ನಂತರ. ಅಲ್ಲಿ ಗಿರಣಿಯೊಂದರ ಅಂಗಳದಲ್ಲಿ ಒಬ್ಬಾತ ನಾಲ್ಕು ಜನರನ್ನು ಗುಂಡು ಹಾರಿಸಿ ಕೊಂದಿದ್ದ. ಅದಕ್ಕೆ ಮೊದಲು ಎರಡು ಬಾರಿ ಆಸ್ಪತ್ರೆ ಸೇರಿದ್ದ ಅವನ ಕೈಯಲ್ಲಿ ಬಂದೂಕು ಇದೆಯೆಂದು ಡಾಕ್ಟರುಗಳಿಗೆ ಗೊತ್ತಿರಲಿಲ್ಲ. ಅವನು ಆಸ್ಪತ್ರೆ ಸೇರಿದ್ದನೆಂದು ಲೈಸೆನ್ಸ್ ಕಚೇರಿಗೆ ಗೊತ್ತಿರಲಿಲ್ಲ. ಸತ್ತವರಲ್ಲಿ ಒಬ್ಬಳು ನರ್ಸು. ಇನ್ನು ಮೇಲೆ ಮನೋರೋಗ ವಿಭಾಗದಲ್ಲಿ ಒಳರೋಗಿಯಾಗಿ ಸೇರಿದವರೆಲ್ಲರ ಹೆಸರು, ವಿಳಾಸ, ಸೇರಿದ ತಾರೀಖು, ಈ ಮೂರನ್ನು ಪ್ರತಿ ಶುಕ್ರವಾರ ಲೈಸೆನ್ಸ್ ಕಚೇರಿಗೆ ಕಳಿಸಬೇಕು. ಅವರಲ್ಲಿ ಯಾರಿಗಾದರೂ ಬಂದೂಕಿನ ಲೈಸೆನ್ಸು ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ಮೂರು ವರ್ಷದ ನಂತರ ವೈದ್ಯಕೀಯ ದಾಖಲೆಯೊಂದಿಗೆ ಮರಳಿ ಅರ್ಜಿ ಹಾಕಬಹುದು. ಓದಿದಾಗ ಫೈಲಕ್ಕನಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾಲ್ಕು ಜನ ಸತ್ತಿದ್ದರಲ್ಲ.

ಎರಡನೇ ವಾರ ಲೈಸೆನ್ಸ್ ಕಚೇರಿಯಿಂದ ಫೋನು ಬಂತು.

“ಮೂರನೇ ಹೆಸರಿನವರಿಗೆ ಏನು ಕಾಯಿಲೆ, ಸ್ವಲ್ಪ ಹೇಳಿ.”

“ಸುತ್ತೋಲೇಲಿ ಕೇಳಿರೋದು ಮೂರು ವಿಷಯ. ನಾಲ್ಕನೇದು ಬೇಕಾದ್ರೆ ಇನ್ನೊಂದು ಸುತ್ತೋಲೆ ಕಳಿಸಿ.”

“ಬಾಯಲ್ಲಿ ಹೇಳೋಕೇನು ತೊಂದರೆ?”

“ಬಾಯಿ ನಂದು, ಕಾಯಿಲೆ ಅವರದು” ಎಂದು ಫೋನಿಟ್ಟಳು.

ಆದರೆ ಸುತ್ತೋಲೆಯ ಇನ್ನೊಂದು ಮುಖವೂ ಅವಳಿಗೆ ಬೇಗನೆ ಕಂಡಿತು. ತೋಟ ಕಾಯುವವನೊಬ್ಬ ಕಿಟಕಿಗೆ ಬಂದು, ಸೇರಿದರೆ ಹೆಸರು ಹೋಗುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಹೋಗುತ್ತದೆ ಎಂದಳು. ಹಂದಿ ಓಡಿಸಲು ಇಟ್ಟುಕೊಂಡ ಬಂದೂಕು, ಅದಿಲ್ಲದೆ ತೋಟದಲ್ಲಿ ಅವನನ್ನು ಇಟ್ಟುಕೊಳ್ಳುವುದಿಲ್ಲ. ಡಾಕ್ಟರು ಬರೆದ ಚೀಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೊರಟುಹೋದ. ಕಿಂಡಿಯಲ್ಲಿ ಅವನ ಕಾಲುಗಳು ಗೇಟಿನತ್ತ ಹೋಗುವುದು ಕಂಡಿತು. ಆ ಚೀಟಿಯನ್ನು ಅವಳು ಮನೋರೋಗ ವಿಭಾಗದ ದೊಡ್ಡ ಡಾಕ್ಟರಮ್ಮನಿಗೆ ತೋರಿಸಿದಳು. ಅವರು ಅದನ್ನು ಓದಿ, “ಹೆಸರು ಹೋಗುತ್ತೆ ಅಂತ ಹೆದರಿ ಬರದೇ ಇರೋರನ್ನ ಯಾವ ಪಟ್ಟೀಲಿ ಬರೆಯೋಣ?” ಎಂದರು.

ಅದೇ ವರ್ಷ ಅತ್ತಿಗೆ ತೀರಿಕೊಂಡಳು. ಹನ್ನೊಂದು ದಿನದ ಜ್ವರ, ಅಷ್ಟೆ. ಅಣ್ಣ ಎರಡು ವಾರ ರಜೆ ಹಾಕಿ ಮತ್ತೆ ಬಾಗಿಲಿಗೆ ಹೋಗಿ ನಿಂತ. ಗಡ್ಡ ಮಾಡಿಕೊಳ್ಳುತ್ತಿದ್ದ, ಬೂಟು ಉಜ್ಜುತ್ತಿದ್ದ. ಆದರೆ ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿರುತ್ತಿತ್ತು. ದಾರಿಯಲ್ಲಿ ಅವಳೇ ಮಾತಾಡಬೇಕಾಗಿತ್ತು. ಅವನು ಹೂಂ ಎನ್ನುತ್ತಿದ್ದ.

ಐದು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಸಂಜೆ ಬೆಂಚಿನ ಮೇಲೆ ಕೂತಿದ್ದವನು ಅವಳು ಬಂದರೂ ಏಳಲಿಲ್ಲ. ಹೆಗಲಲ್ಲಿ ಚೀಲವಿರಲಿಲ್ಲ.

“ಯಜಮಾನ ಎಲ್ಲಿ?”

“ಬ್ಯಾಂಕಿನ ಭದ್ರತಾ ಕೋಣೇಲಿ ಬಿಟ್ಟು ಬಂದೆ. ಮ್ಯಾನೇಜರ ಹತ್ರ ಏನೋ ಒಂದು ನೆಪ ಹೇಳಿದೆ.”

“ಯಾಕಣ್ಣ?”

“ಮನೇಲಿ ಇಟ್ಕೊಳ್ಳೋಕೆ ಹೆದರಿಕೆ ಆಗುತ್ತೆ.”

“ಕಳ್ಳರು ಬರ್ತಾರೆ ಅಂತಲಾ?”

“ಕಳ್ಳರ ಹೆದರಿಕೆ ಅಲ್ಲ. ನನ್ನದೇ ಹೆದರಿಕೆ.”

ಅವಳು ಪಕ್ಕದಲ್ಲಿ ಕೂತಳು. ನಿದ್ದೆ ಮಾಡಿ ಎಷ್ಟು ದಿನವಾಯಿತೆಂದು ಕೇಳಿದಳು. ಹೆಂಡತಿ ಹೋದಾಗಿನಿಂದ ಸರಿಯಾಗಿ ಇಲ್ಲ, ಈಚೆಗೆ ಪೂರ್ತಿ ಇಲ್ಲ ಎಂದ.

“ನಾಳೆ ಬೆಳಿಗ್ಗೆ ದೊಡ್ಡ ಡಾಕ್ಟರಮ್ಮನ ಹತ್ರ ಹೋಗೋಣ. ಅವರು ಸೇರ್ಕೋ ಅಂದ್ರೆ ಸೇರ್ಕೋ.”

“ಸೇರಿದ್ರೆ ಶುಕ್ರವಾರ ನನ್ನ ಹೆಸರು ಹೋಗುತ್ತೆ. ಹೆಸರು ಹೋದ್ರೆ ಲೈಸೆನ್ಸು ಹೋಗುತ್ತೆ, ಲೈಸೆನ್ಸು ಹೋದ್ರೆ ಬಾಗಿಲು ಹೋಗುತ್ತೆ. ಅವಳೂ ಇಲ್ಲ, ಬಾಗಿಲೂ ಇಲ್ಲ ಅಂದ್ರೆ ನಾನು ಎಲ್ಲಿ ಹೋಗಿ ನಿಂತ್ಕೊಳ್ಳಲಿ?” ಅವಳ ಕಡೆ ತಿರುಗಿ ಅಂದ, “ಪಟ್ಟಿ ಬರೆಯೋಳು ನೀನೇ ಅಲ್ವಾ. ನನ್ನ ಹೆಸರು ಬರೆಯಲ್ಲ ಅಂತ ಮಾತು ಕೊಡು. ನಾಳೆ ಬರ್ತೀನಿ.”

ಅವನ ಕಣ್ಣ ಸುತ್ತ ಚರ್ಮ ಕಪ್ಪಾಗಿ ಜೋತುಬಿದ್ದಿತ್ತು. ಆ ಹೊತ್ತಿನಲ್ಲಿ ಅವನು ಏನು ಕೇಳಿದ್ದರೂ ಕೊಡುತ್ತಿದ್ದಳು.

“ಬರೆಯಲ್ಲ. ಬಾ” ಎಂದಳು.

ಅವತ್ತು ಅವನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಮಂಗಳವಾರ ಬೆಳಿಗ್ಗೆ ಅವನು ಆಸ್ಪತ್ರೆ ಸೇರಿದ, ಔಷಧಿ ತೆಗೆದುಕೊಂಡು ಮಲಗಿದ. ಬುಧವಾರ ಮಧ್ಯಾಹ್ನ ಅವಳು ವಾರ್ಡಿನ ಬಾಗಿಲ ಗಾಜಿನಿಂದ ನೋಡಿದಾಗ ಇನ್ನೂ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಶುಕ್ರವಾರ ಬಂತು. ಪಟ್ಟಿಯ ನಮೂನೆಯಲ್ಲಿ ಐದು ಹೆಸರು ಬರೆದಳು. ನಾಲ್ಕನೆಯದು ಕೆಲಸದಿಂದ ನಿವೃತ್ತನಾದ ಸರ್ವೆಯರೊಬ್ಬನದು. ಅಣ್ಣ ಸೇರಿದ ಮಂಗಳವಾರವೇ ಅವನೂ ಸೇರಿದ್ದ. ಅವನ ಹೆಂಡತಿ ಕಿಟಕಿಗೆ ಬಂದು, ಗಂಡನಿಗೆ ಬೇಟೆಯ ಬಂದೂಕೊಂದೇ ಇಷ್ಟದ ವಸ್ತು, ಅದೂ ಹೋದರೆ ಕುಸಿದುಬಿಡುತ್ತಾರೆ, ಹೆಸರು ಬಿಟ್ಟುಬಿಡಿ ಎಂದು ಕೈ ಮುಗಿದಿದ್ದಳು. “ನನ್ನ ಕೈಲಿ ಇಲ್ಲಮ್ಮ” ಎಂದು ಫೈಲಕ್ಕ ಹೇಳಿ ಕಳಿಸಿದ್ದಳು. ಹಾಗೆ ಹೇಳಿ ಮೂರು ದಿನ ಕೂಡ ಆಗಿರಲಿಲ್ಲ. ಈಗ ಅವಳ ಕೈಯಲ್ಲೇ ಪೆನ್ನಿತ್ತು, ಐದನೇ ಹೆಸರಿನ ಕೆಳಗೆ ಖಾಲಿ ಗೆರೆಯಿತ್ತು.

ಅಲ್ಲಿಗೆ ನಿಲ್ಲಿಸಿ ಗೆರೆ ಎಳೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸರ್ವೆಯರನ ಹೆಂಡತಿಯ ಮುಗಿದ ಕೈ ಅವಳನ್ನು ತಡೆಯಿತೋ, ‘ನನ್ನದೇ ಹೆದರಿಕೆ’ ಎಂದ ಅಣ್ಣನ ಮಾತು ತಡೆಯಿತೋ, ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಎರಡೂ ಸೇರಿರಬಹುದು. ಇನ್ನೆರಡು ವಾರಕ್ಕೆ ಅವನು ಬಿಡುಗಡೆಯಾಗಿ ಬಂದು ಚೀಲ ಹೆಗಲಿಗೇರಿಸಿಕೊಂಡು ಖಾಲಿ ಮನೆಯ ಬೀಗ ತೆಗೆಯುವುದು ಕಣ್ಣ ಮುಂದೆ ಬಂತು. ಆರನೇ ಗೆರೆಯ ಮೇಲೆ ಅಣ್ಣನ ಹೆಸರು ಬರೆದಳು. ವಿಳಾಸ ಬರೆದಳು. ಅದು ಅವಳು ಹುಟ್ಟಿ ಬೆಳೆದ ಮನೆಯ ವಿಳಾಸವೇ. ತಾರೀಖು ಬರೆದಳು.

ಡಾಕ್ಟರಮ್ಮ ಸಹಿ ಹಾಕುವ ಮೊದಲು ಆರನೇ ಗೆರೆಯ ಮೇಲೆ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಆಮೇಲೆ ಸಹಿ ಹಾಕಿದರು.

ಟಪಾಲು ಹೋಗುವುದು ಮಧ್ಯಾಹ್ನ. ಅವಳು ಅದಕ್ಕೂ ಮೊದಲೇ ವಾರ್ಡಿಗೆ ಹೋದಳು. ಅಣ್ಣ ಎದ್ದು ಕೂತಿದ್ದ, ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

“ಅಣ್ಣ, ನಿನ್ನ ಹೆಸರು ಬರೆದೆ.”

“ಕಳಿಸಾಯ್ತಾ?”

“ಇನ್ನೂ ಇಲ್ಲ. ನಿಂಗೆ ಮೊದಲು ಹೇಳೋಣ ಅಂತ ಬಂದೆ.”

“ಹಾಗಿದ್ರೆ ಹರಿದು ಹಾಕು.”

“ಆಗಲ್ಲ.”

“ಮಾತು ಕೊಟ್ಟಿದ್ದೆ.”

“ಕೊಟ್ಟಿದ್ದೆ.”

ಅವನು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. “ಇನ್ನು ಈ ಕಡೆ ಬರಬೇಡ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ.

ಹತ್ತು ದಿನದ ನಂತರ ಪೊಲೀಸರಿಬ್ಬರು ಬ್ಯಾಂಕಿಗೆ ಹೋಗಿ, ಕೆಲಸದವರೂ ಗಿರಾಕಿಗಳೂ ನೋಡುತ್ತಿದ್ದಂತೆ, ಭದ್ರತಾ ಕೋಣೆಯಿಂದ ಬಂದೂಕನ್ನು ತೆಗೆದುಕೊಂಡು ರಸೀದಿ ಕೊಟ್ಟು ಹೋದರು. ಯಾಕೆಂದು ಅವರು ಹೇಳಲಿಲ್ಲ. ಹೇಳದೆಯೇ ಊರಿಗೆಲ್ಲ ಗೊತ್ತಾಯಿತು. ಮೂರು ವಾರ ಕಳೆದು ಅಣ್ಣ ಮನೆಗೆ ಬಂದಾಗ ಅವನ ನಿದ್ದೆ ಅವನಿಗೆ ಸಿಕ್ಕಿತ್ತು, ಬಾಗಿಲು ಹೋಗಿತ್ತು. ಊರಾಚೆ ತರಕಾರಿ ಶೀತಲಗೃಹದ ಗೇಟಿನಲ್ಲಿ ಬರಿಗೈ ಕಾವಲಿಗೆ ಸೇರಿಕೊಂಡ. ಅಲ್ಲಿಗೆ ಹೋಗಲು ಆಸ್ಪತ್ರೆಯ ಮುಂದಿನ ರಸ್ತೆಯೇ ಹತ್ತಿರ. ಅವನು ಕೆರೆಯ ಏರಿಯ ಮೇಲಿಂದ ಸುತ್ತಿಕೊಂಡು ಹೋಗುತ್ತಿದ್ದ.

ಫೈಲಕ್ಕ ಒಬ್ಬಳೇ ಮನೆಗೆ ನಡೆಯತೊಡಗಿದಳು. ಇಪ್ಪತ್ತು ನಿಮಿಷದ ದಾರಿ ಹದಿನಾಲ್ಕು ನಿಮಿಷಕ್ಕೇ ಮುಗಿಯುತ್ತಿತ್ತು. ದಾರಿಯಲ್ಲಿ ಏನಾದರೂ ನಗು ಬರುವಂಥದ್ದು ಕಂಡರೆ ಇದನ್ನು ಅಣ್ಣನಿಗೆ ಹೇಳಬೇಕು ಎಂದುಕೊಳ್ಳುತ್ತಿದ್ದಳು. ಛತ್ರಿ ಮಾರುವವನು ಮಳೆಯಲ್ಲಿ ನೆನೆಯುತ್ತಾ ನಿಂತಿದ್ದು, ಹಜಾಮತಿ ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರ ಬಿದ್ದು ಇನ್ನೊಂದು ಅರ್ಥ ಬಂದದ್ದು. ಹೀಗೆ ಹೇಳದೆ ಉಳಿದವು ರಾಶಿಯಾಗಿ, ಹಳೆಯವು ಮರೆತೂ ಹೋದವು. ಅವಳ ಗಂಡ ಎರಡು ಮೂರು ಸಲ ಸಂಧಾನಕ್ಕೆ ಹೋಗಿಬಂದ. “ಚಹಾ ಕೊಟ್ಟ, ಚೆನ್ನಾಗಿ ಮಾತಾಡಿದ, ನಿನ್ನ ಹೆಸರು ಎತ್ತಿದ ಕೂಡಲೇ ಲೋಟ ತೊಳೆಯೋಕೆ ಎದ್ದ” ಎಂದ.

ಆದರೂ ತಿಂಗಳಿಗೊಮ್ಮೆ ಅಣ್ಣನ ಸುದ್ದಿ ಒಂದು ರೀತಿಯಲ್ಲಿ ಅವಳಿಗೆ ಸಿಗುತ್ತಿತ್ತು. ಅವನು ಡಾಕ್ಟರಮ್ಮನ ಬಳಿ ಬರುವುದನ್ನು ಬಿಟ್ಟಿರಲಿಲ್ಲ. ಮೊದಲ ಸೋಮವಾರ ಹೊರರೋಗಿ ವಿಭಾಗದಿಂದ ಚೀಟಿ ಬರುತ್ತಿತ್ತು. ಅವಳು ಬೀರು ತೆರೆದು ಅವನ ಫೈಲು ತೆಗೆದು ಮೇಲೆ ಕಳಿಸುತ್ತಿದ್ದಳು, ಸಂಜೆ ಮರಳಿ ಬಂದಾಗ ಒಳಗಿಡುತ್ತಿದ್ದಳು. ಇಡುವ ಮೊದಲು ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತಿದ್ದಳು. ಫೈಲು ಒಂದೊಂದೇ ಹಾಳೆಯಷ್ಟು ದಪ್ಪವಾಗುತ್ತಿತ್ತು. ಅದರೊಳಗೆ ಅಣ್ಣ ಏನೇನೋ ಮಾತಾಡಿದ್ದ, ಅವಳಿಗೆ ಹೇಳದ್ದೆಲ್ಲ ಅಲ್ಲಿತ್ತು. ತೆರೆದು ನೋಡಿದರೆ ಕೇಳುವವರಿರಲಿಲ್ಲ. ಅಂಗೈ ಇಟ್ಟು ಮುಚ್ಚಿಯೇ ಬೀರುವಿಗೆ ಬೀಗ ಹಾಕುತ್ತಿದ್ದಳು.

ಲೈಸೆನ್ಸ್ ಕಚೇರಿಯವರು ಆ ಫೈಲಿನ ಮೇಲೆ ಕಣ್ಣಿಟ್ಟಿದ್ದರು. ರೋಗಿಯು ವೈದ್ಯರಿಗೆ ಹೇಳಿದ್ದೇನೆಂಬುದರ ಪೂರ್ಣ ನಕಲು ಕಳಿಸಿ ಎಂದು ಮೂರು ಬಾರಿ ಪತ್ರ ಬರೆದರು. ಮೂರಕ್ಕೂ ಅವಳು ಉತ್ತರ ಬರೆದು ಡಾಕ್ಟರಮ್ಮನ ಸಹಿ ಹಾಕಿಸಿ ಕಳಿಸಿದಳು. ಮೂರನೆಯದಾದ ಮೇಲೆ ಅಸಹಕಾರವೆಂದು ಅವಳ ಹೆಸರಿಗೆ ಮೆಮೋ ಬಂತು. ಆ ಕಾಗದಗಳನ್ನೂ ಅಣ್ಣನ ಫೈಲಿನ ಹಿಂಭಾಗಕ್ಕೆ ಸೇರಿಸಿದಳು. ಫೈಲಕ್ಕನ ಲೆಕ್ಕದಲ್ಲಿ ಯಾವ ಕಾಗದವೂ ಅದರ ಜಾಗ ಬಿಟ್ಟು ಬೇರೆಡೆ ಇರುವಂತಿರಲಿಲ್ಲ.

ನಾಲ್ಕನೇ ವರ್ಷ ಒಂದು ಗುರುವಾರ ಬೆಳಿಗ್ಗೆ ಕಿಟಕಿಯ ಮುಂದೆ ಅಣ್ಣ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುಂಡಿಗಳೆಲ್ಲ ಸರಿಯಾಗಿದ್ದವು.

“ಮೇಡಂ, ನನ್ನ ದಾಖಲೆಗಳ ನಕಲು ಬೇಕಿತ್ತು. ಅರ್ಜಿ ಇದ್ರೆ ಕೊಡಿ.”

ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನ ಬಾಯಲ್ಲಿ ಮೇಡಂ ಎಂಬ ಮಾತು ಕೇಳಿ ಅವಳ ಕೈ ಅರ್ಜಿಯ ಕಟ್ಟಿನ ಮೇಲೆ ನಿಂತಿತು. ಆದರೆ ನಿಯಮ ನಿಯಮವೇ.

“ಗುರುತಿನ ಚೀಟಿ ತೋರಿಸಿ. ಇಲ್ಲಿ ಸಹಿ ಮಾಡಿ, ಇಲ್ಲೂ ಒಂದು. ಮೊದಲು ಮೂಲ ದಾಖಲೆ ನೋಡಿ ಯಾವ ಹಾಳೆ ಬೇಕು ಅಂತ ಗುರುತು ಹಾಕಿ ಕೊಡಿ. ಆ ಬೆಂಚಲ್ಲಿ ಕೂತು ಓದಬಹುದು.”

ಅವನು ಒಂದೂವರೆ ಗಂಟೆ ಓದಿದ. ಅವಳು ಏಣಿ ಹತ್ತಿ ಇಳಿದು ಬೇರೆ ಕೆಲಸ ಮಾಡಿದಳು, ಒಂದೇ ಫೈಲನ್ನು ಎರಡು ಸಲ ತಪ್ಪು ರ‍್ಯಾಕಿಗೆ ಇಟ್ಟಳು. ಕೊನೆಗೆ ಅವನು ಫೈಲಿನ ಹಿಂಭಾಗ ತೆರೆದುಕೊಂಡೇ ಕಿಟಕಿಗೆ ಬಂದು, ಬೆರಳಿಟ್ಟು ಒಂದು ಸಾಲು ಓದಿದ. “‘ರೋಗಿಯು ವೈದ್ಯರಲ್ಲಿ ಆಡಿದ ಮಾತು ರೋಗಿಗೆ ಸೇರಿದ್ದು. ಅದು ಬೇಕಾದಲ್ಲಿ ಅವರನ್ನೇ ಕೇಳತಕ್ಕದ್ದು.’ ಇದನ್ನ ಬರೆದದ್ದು ಯಾರು?”

“ನಾನೇ. ಸಹಿ ಡಾಕ್ಟರಮ್ಮಂದು.”

“ಮೆಮೋ ಬೇರೆ ಕೊಟ್ಟಿದಾರೆ.”

“ಕೊಟ್ರು.”

ಅವನು ಹಾಳೆ ತಿರುಗಿಸಿದ, ಮತ್ತೆ ಹಿಂದಕ್ಕೆ ತಿರುಗಿಸಿದ. “ಮುಂಭಾಗದಲ್ಲಿರೋದೆಲ್ಲ ಓದಿದ್ಯಾ? ನಾನು ಹೇಳಿರೋದು?”

“ಇಲ್ಲ.”

“ಒಂದ್ಸಲಾನೂ?”

“ಒಂದ್ಸಲಾನೂ ಇಲ್ಲಣ್ಣ.”

ಅವನು ಅವಳ ಮುಖ ನೋಡಿ, ಫೈಲಿನ ದಾರವನ್ನು ನಿಧಾನವಾಗಿ ಕಟ್ಟಿದ. “ಹದಿನೆಂಟನೇ ತಾರೀಖು ವಿಚಾರಣೆ ಇದೆ” ಎಂದ. ಬಾ ಎನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ.

ಅವಳು ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಮೂವರು ಅಧಿಕಾರಿಗಳಿದ್ದರು. ಡಾಕ್ಟರಮ್ಮ ಬಂದು ಅವನ ಆರೋಗ್ಯದ ಬಗ್ಗೆ ಹೇಳಬೇಕಾದಷ್ಟು ಹೇಳಿ ಹೋದರು. ನಡುವೆ ಕೂತಿದ್ದ ಅಧಿಕಾರಿ ಕೇಳಿದ, “ನಿಮಗೆ ಬಂದೂಕು ಯಾಕೆ ಬೇಕು?”

“ನಮ್ಮ ತಂದೇದು. ಅದನ್ನ ಹಿಡ್ಕೊಂಡು ಬಾಗಿಲಲ್ಲಿ ನಿಂತಾಗ ನಾನು ಯಾರು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಅದು ಬಿಟ್ಟು ಬೇರೆ ಕೆಲಸ ನಾನು ಕಲಿತಿಲ್ಲ.”

“ಆಗ ನಿಮ್ಮಿಂದ ತಗೊಂಡಿದ್ದು ತಪ್ಪು ಅಂತೀರಾ?”

“ಆಗ ತಗೊಂಡಿದ್ದು ಸರಿ. ನಾನೇ ಅದನ್ನ ದೂರ ಇಟ್ಟು ಬಂದಿದ್ದೆ. ಆದ್ರೆ ಮೂರು ತಿಂಗಳಿಗೇ ಡಾಕ್ಟರು ಗುಣ ಆಗಿದೆ ಅಂತ ಬರೆದ್ರು. ಆಮೇಲೂ ವರ್ಷಗಟ್ಟಲೆ ಯಾಕೆ ಇಟ್ಕೊಂಡ್ರಿ ಅಂತ ನೀವೇ ಹೇಳಬೇಕು. ನಾನು ಕಾಯಿಲೆ ಅಂತ ಆಸ್ಪತ್ರೆಗೆ ಹೋದವನು ಸ್ವಾಮಿ, ತಪ್ಪು ಮಾಡಿ ಹೋದವನಲ್ಲ.”

ಅಧಿಕಾರಿ ಏನೋ ಬರೆದುಕೊಂಡ. ಆರು ವಾರದ ನಂತರ ಆದೇಶ ಬಂತು. ಪ್ರತಿ ವರ್ಷ ಡಾಕ್ಟರ ಪ್ರಮಾಣಪತ್ರ ಕೊಡಬೇಕೆಂಬ ಷರತ್ತಿನ ಮೇಲೆ ಲೈಸೆನ್ಸು ಮರಳಿ ಸಿಕ್ಕಿತು. ಬ್ಯಾಂಕಿನವರು ಅಷ್ಟರಲ್ಲಿ ಕಾವಲಿಗೆ ಹೊರಗಿನ ಏಜೆನ್ಸಿಯವರನ್ನು ಇಟ್ಟುಕೊಂಡಿದ್ದರು. ಅವನಿಗೆ ಊರಿನ ಇನ್ನೊಂದು ತುದಿಯ ಬೀಜದ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಸರ್ವೆಯರನಿಗೆ ಅವನ ಬಂದೂಕು ಸಿಗಲಿಲ್ಲ. ಮೂರು ವರ್ಷ ತುಂಬುವ ಮೊದಲೇ ಅವನು ಹೃದಯ ನಿಂತು ತೀರಿಕೊಂಡಿದ್ದ. ಅವನ ಹೆಂಡತಿ ಮಾರುಕಟ್ಟೆಯಲ್ಲಿ ಸಿಕ್ಕಾಗ ನಗುವುದಿಲ್ಲ. ಫೈಲಕ್ಕ ತಲೆ ತಗ್ಗಿಸಿ ಮುಂದೆ ಹೋಗುತ್ತಾಳೆ.

ಪಟ್ಟಿ ಈಗಲೂ ಪ್ರತಿ ಶುಕ್ರವಾರ ಹೋಗುತ್ತದೆ. ಅಣ್ಣ ತಿಂಗಳಿಗೊಂದು ಭಾನುವಾರ ಅವಳ ಮನೆಗೆ ಬರುತ್ತಾನೆ. ಮೇಷ್ಟ್ರ ಹತ್ತಿರ ಪೇಪರಿನ ಸುದ್ದಿ ಮಾತಾಡುತ್ತಾನೆ, ಅವಳ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸುತ್ತಾನೆ, ಕೊಟ್ಟದ್ದನ್ನು ಚೆನ್ನಾಗಿದೆ ಎಂದು ತಿನ್ನುತ್ತಾನೆ. ಬೀಗರ ಮನೆಗೆ ಬಂದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ಅವನು ಬರುತ್ತಾನಲ್ಲ, ಅದೇ ದೊಡ್ಡದು ಎಂದು ಗಂಡ ಹೇಳುತ್ತಾನೆ. ಅದು ಅವಳಿಗೂ ಗೊತ್ತು. ಎದುರಿಗೆ ಕೂತಿದ್ದಾಗಲೇ ಅವನಿಗಾಗಿ ಅವಳ ಜೀವ ಹೆಚ್ಚು ಹಂಬಲಿಸುತ್ತದೆ, ಅದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಕಳೆದ ಭಾನುವಾರ ಮೇಷ್ಟ್ರು ಮನೆಯಲ್ಲಿರಲಿಲ್ಲ. ಇಬ್ಬರೇ ಇದ್ದರು. ಅವಳು ಬಹಳ ದಿನದಿಂದ ಒಳಗಿಟ್ಟುಕೊಂಡದ್ದನ್ನು ಬಾಯಿಗೆ ತಂದಳು.

“ಅಣ್ಣ, ಆ ಶುಕ್ರವಾರ ನಾನು...”

“ಮೋಡ ಆಗಿದೆ, ಬಟ್ಟೆ ಒಣಗಿಸಿದೀಯಾ ನೋಡು” ಎಂದು ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತ. ಏನೋ ಹೇಳುತ್ತಾನೆಂದು ಅವಳು ಕಾದಳು.

“ಬರ್ತೀನಿ. ಮೊಣಕಾಲಿಗೆ ಬಿಸಿನೀರು ಹಾಕ್ಕೋ” ಎಂದ.

ಅವಳು ಗೇಟಿನವರೆಗೆ ಹೋದಳು. ಅವನು ಬೀದಿಯ ಬಲಬದಿಯಲ್ಲಿ, ಹಿಂದೆ ನೋಡದೆ, ತನ್ನ ಎಂದಿನ ನಿಧಾನದಲ್ಲಿ ನಡೆದು ಲೈಟುಕಂಬದ ಬಳಿ ತಿರುಗಿ ಮರೆಯಾದ. ಹನಿ ಬೀಳತೊಡಗಿದ ಮೇಲೂ ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.